ಸರಕಾರಿ ವಕೀಲ ಯಾರು ಆಗ್ತೀರಿ?

ನಾನು ಈ ಪ್ರಶ್ನೆ ಕೇಳಿದಾಗ ಒಂಬತ್ತನೆಯ ವರ್ಗದ ‘ಅ’ ವಿಭಾಗದಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಐದು ನಿಮಿಷ ಮೊದಲು ‘ರಾಯಣ್ಣ ಯಾರು ಆಗ್ತೀರಿ?’ ಎಂದು ಕೇಳಿದ್ದೆ. ಆಗ ಹುಡುಗರಷ್ಟೇ ಅಲ್ಲ, ನಾಲ್ಕಾರು ಹುಡುಗಿಯರೂ ಎದ್ದು ನಿಂತಿದ್ದರು. ಅಂದು ಶಾಲೆಗೆ ಬಾರದ ಗೆಳೆಯನ ಹೆಸರನ್ನೂ ಬರೆದುಕೊಳ್ಳಿರೆಂದು ಒಬ್ಬ ಎರಡೂ ಕೈ ಎತ್ತಿದ್ದ. ರಾಯಣ್ಣನ ವಕೀಲರಾಗಲಿಕ್ಕೆ ಹನ್ನೊಂದು ಜನ. ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನನ ಕೆಲಸಕ್ಕೂ ಪೈಪೋಟಿ. ಆದರೆ ಕಂಪನಿ ಸರಕಾರದ ಪರ ವಾದಿಸುವ ಮಾತು ಬಂದ ಕೂಡಲೇ ಎಲ್ಲರಿಗೂ ಕಂಪಾಸು ಪೆಟ್ಟಿಗೆಯಲ್ಲಿ ಏನೋ ಹುಡುಕುವುದಿತ್ತು.

ಖಾನಾಪುರ ತಾಲೂಕಿನ ನಂದಗಡದ ಸೀಮೆಯಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇಲ್ಲೇ, ಊರಾಚೆ. ಅವನ ಸಮಾಧಿಯ ಮೇಲೆ ಸಂಗಾತಿ ಬಿಚ್ಚುಗತ್ತಿ ಚೆನ್ನಬಸಪ್ಪ ನೆಟ್ಟನೆಂದು ಹೇಳುವ ಆಲದ ಮರ ಇಂದಿಗೂ ನೆರಳು ಕೊಡುತ್ತಿದೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅದರ ಟೊಂಗೆಗೆ ಪುಟ್ಟ ತೊಟ್ಟಿಲು ಕಟ್ಟಿ ಹೋಗುತ್ತಾರೆ. ಹುಟ್ಟಿದರೆ ರಾಯಣ್ಣನಂಥ ಮಗ ಹುಟ್ಟಲಿ ಎಂಬುದು ಆ ಹರಕೆಯ ಒಳಮಾತು. ಇಂಥ ಮರದ ನೆರಳಿನಲ್ಲಿ ಆಡಿ ಬೆಳೆದ ಮಕ್ಕಳಿಗೆ, ‘ಅವನನ್ನು ಗಲ್ಲಿಗೆ ಹಾಕಿರಿ’ ಎಂದು ಕೇಳುವ ವಕೀಲನಾಗು ಎಂದರೆ ಹೇಗಾಗಬೇಡ?

ಆದರೂ ಒಬ್ಬರು ಆಗಲೇಬೇಕಿತ್ತು. ಆಟದ ನಿಯಮವೇ ಹಾಗೆ.

ಆಟದ ಹೆಸರು ಅಣಕು ನ್ಯಾಯಾಲಯ. ಸುತ್ತಲಿನ ಹಳ್ಳಿಗಳ ಮಕ್ಕಳು ಬರುತ್ತಿದ್ದ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಒಂಬತ್ತನೆಯ ವರ್ಗದ ಎರಡು ವಿಭಾಗಗಳ ನಡುವೆ ಈ ಸ್ಪರ್ಧೆ ಇಟ್ಟುಕೊಂಡೆ. ನಮ್ಮ ಮಕ್ಕಳಿಗೆ ಚರ್ಚಾಸ್ಪರ್ಧೆ ಗೊತ್ತು, ಪ್ರತಿಭಾ ಕಾರಂಜಿ ಗೊತ್ತು, ಸ್ಪೀಕರು-ಮಂತ್ರಿಗಳಾಗಿ ಕೂಡ್ರುವ ಯುವ ಸಂಸತ್ತೂ ಗೊತ್ತು. ಆದರೆ ನ್ಯಾಯಾಲಯವೆಂದರೆ ಅವರಿಗೆ ಗೊತ್ತಿದ್ದದ್ದು ಎರಡೇ. ಒಂದು, ಸಿನಿಮಾದಲ್ಲಿ ಕಪ್ಪು ಕೋಟು ಹಾಕಿಕೊಂಡವರು ಮೇಜು ಗುದ್ದುವುದು. ಇನ್ನೊಂದು, ಹೊಲದ ಬದುವಿನ ತಕರಾರಿಗೆ ಅಪ್ಪ ತಾರೀಖಿಗೆಂದು ಖಾನಾಪುರಕ್ಕೆ ಹೋಗಿ ಸಂಜೆ ಇನ್ನೊಂದು ತಾರೀಖು ಹಿಡಿದುಕೊಂಡು ಬರುವುದು.

ಕಾನೂನು ಓದುವವರಿಗೆ ಇಂಥ ಅಭ್ಯಾಸ ಹೊಸದಲ್ಲ. ಬೆಳಗಾವಿಯಲ್ಲಿ 1939ರಲ್ಲಿ ಶುರುವಾದ ರಾಜಾ ಲಖಮಗೌಡ ಕಾನೂನು ಕಾಲೇಜಿನಂಥ ಕಡೆ ವಿದ್ಯಾರ್ಥಿಗಳು ಕರಿ ಕೋಟು ತೊಟ್ಟು ವಾದಿಸುವುದನ್ನು ಕಲಿಯುತ್ತಾರೆ. ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಅದು ಕಡ್ಡಾಯದ ಪಾಠವೇ. ಆದರೆ ಅವರದು ಹೆಚ್ಚಾಗಿ ಮೇಲ್ಮನವಿಯ ವಾದ. ಅಲ್ಲಿ ಸಾಕ್ಷಿಗಳಿರುವುದಿಲ್ಲ, ಕಾನೂನಿನ ಅರ್ಥದ ಮೇಲಷ್ಟೇ ಜಗ್ಗಾಟ. ಹೈಸ್ಕೂಲು ಮಕ್ಕಳಿಗೆ ಹೊಂದುವುದು ಇನ್ನೊಂದು ಬಗೆ. ಅದರಲ್ಲಿ ಸಾಕ್ಷಿ ಕಟಕಟೆಗೆ ಬರುತ್ತಾನೆ, ಕರೆದವರು ಅವನ ಬಾಯಿಂದ ನಡೆದದ್ದನ್ನು ಹೇಳಿಸುತ್ತಾರೆ, ಎದುರಿನವರು ಪಾಟೀಸವಾಲು ಮಾಡುತ್ತಾರೆ. ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳಿಗಾಗಿಯೇ 1984ರಿಂದ ರಾಷ್ಟ್ರಮಟ್ಟದ ಅಣಕು ವಿಚಾರಣೆಯ ಸ್ಪರ್ಧೆ ನಡೆದು ಬಂದಿದೆ. ಎಲ್ಲ ತಂಡಗಳಿಗೂ ಒಂದೇ ಕಡತ. ಕಡತದಲ್ಲಿ ಇಲ್ಲದ ಸಂಗತಿಯನ್ನು ಹುಟ್ಟಿಸಿಕೊಂಡು ಹೇಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಪ್ರತಿ ತಂಡವೂ ಎರಡೂ ಕಡೆಯ ವಾದಕ್ಕೆ ತಯಾರಾಗಿ ಬರಬೇಕು. ಅಂಕ ಕೊಡುವುದು ಯಾರು ಕೇಸು ಗೆದ್ದರು ಎಂದಲ್ಲ, ಯಾರು ಚೆನ್ನಾಗಿ ನಡೆಸಿದರು ಎಂದು.

ಈ ಕೊನೆಯ ಎರಡು ನಿಯಮಗಳನ್ನು ನಾನು ಹಾಗೆಯೇ ಎತ್ತಿಕೊಂಡೆ. ಮೊದಲ ಸುತ್ತಿನಲ್ಲಿ ‘ಅ’ ವಿಭಾಗ ಸರಕಾರದ ಪರ, ‘ಬ’ ವಿಭಾಗ ರಾಯಣ್ಣನ ಪರ. ಊಟದ ಬಿಡುವಿನ ನಂತರ ಅದಲು ಬದಲು.

ಕಡತ ಬರೆಯುವುದೇ ಒಂದು ಪಾಠವಾಯಿತು. ಖಚಿತವಾಗಿ ಗೊತ್ತಿರುವ ಸಂಗತಿಗಳನ್ನು ಒಂದು ಹಾಳೆಗೆ ಇಳಿಸಿರೆಂದು ಮಕ್ಕಳಿಗೆ ಹೇಳಿದೆ. ಮೊದಮೊದಲು ಬಂದದ್ದೆಲ್ಲ ಗೀಗಿ ಪದ ಹಾಡುವವರಿಂದ ಕೇಳಿದ್ದು, 2012ರಲ್ಲಿ ಬಂದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಸಿನಿಮಾದಲ್ಲಿ ನೋಡಿದ್ದು. ಅದನ್ನು ಸೋಸುತ್ತ ಹೋದಂತೆ ಹಾಳೆ ಸಣ್ಣದಾಯಿತು. ಕಿತ್ತೂರಿನ ದತ್ತಕವನ್ನು ಕಂಪನಿ ಒಪ್ಪಲಿಲ್ಲ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ರಾಯಣ್ಣನ ಇನಾಮು ಹೊಲಕ್ಕೂ ಕುತ್ತು ಬಂತು. ದತ್ತು ಮಗ ಶಿವಲಿಂಗಪ್ಪನನ್ನು ಪಟ್ಟಕ್ಕೆ ತರಬೇಕೆಂದು ಅವನು ಜನ ಕೂಡಿಸಿದ. ಬೀಡಿ, ನಂದಗಡ, ಸಂಪಗಾವಿಯ ಕಡೆಗೆಲ್ಲ ಸರಕಾರಿ ಕಚೇರಿಗಳ ಮೇಲೆ ದಾಳಿಯಾಯಿತು, ಕಾಗದಪತ್ರ ಸುಟ್ಟವು, ಖಜಾನೆ ಹೋಯಿತು. 1830ರ ಏಪ್ರಿಲಿನಲ್ಲಿ ನಂಬಿದವರೇ ಹಿಡಿದುಕೊಟ್ಟರು. ಮುಂದೆ ಒಂಬತ್ತು ತಿಂಗಳಿಗೆ ಗಲ್ಲು.

“ಸರ, ಇದರಾಗ ಬೆಳಗಾವಿ ಜಿಲ್ಲಾ ನ್ಯಾಯಾಧೀಶರ ಹೆಸರು ಎಲ್ಲೈತ್ರಿ?” ಎಂದು ಒಬ್ಬಳು ಕೇಳಿದಳು. ಆಗ ಬೆಳಗಾವಿ ಜಿಲ್ಲೆಯೇ ಇರಲಿಲ್ಲ, ಧಾರವಾಡದಿಂದ ಬೇರೆಯಾದದ್ದು 1836ರಲ್ಲಿ ಎಂದೆ. ಭಾರತೀಯ ದಂಡ ಸಂಹಿತೆಯೂ ಇರಲಿಲ್ಲ, ಅದು 1860ರದು. ಸಾಕ್ಷ್ಯದ ಕಾಯಿದೆ 1872ರದು. ಆ ಎರಡೂ ಹಳೆಯ ಕಾಯಿದೆಗಳ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ನಾವು ಅಂದು ಮಾಡಿಕೊಂಡ ಒಪ್ಪಂದ ಇಷ್ಟು: ಆರೋಪ ಆ ಕಾಲದ್ದು, ವಿಚಾರಣೆಯ ನಿಯಮ ನಮ್ಮ ಕಾಲದ್ದು. ಸಾಕ್ಷಿಗಳನ್ನು ನಾನೇ ಕಲ್ಪಿಸಿದೆ. ಬೀಡಿ ಕಚೇರಿಯ ಒಬ್ಬ ಕಾರಕೂನ, ಬೆಂಕಿಯ ರಾತ್ರಿ ರಾಯಣ್ಣನನ್ನು ಗುರುತಿಸಿದೆನೆನ್ನುವ ಒಬ್ಬ ಊರಿನವ, ಸಂಗೊಳ್ಳಿಯ ಒಬ್ಬ ಮುದುಕಿ. ಇವರು ಇತಿಹಾಸದವರಲ್ಲ, ನಮ್ಮ ಆಟದವರು ಎಂದು ಕಡತದ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದೆ. ಪ್ರತಿಯೊಬ್ಬರಿಗೂ ಒಂದೊಂದು ಹಾಳೆ, ಅವರಿಗೆ ಏನೇನು ಗೊತ್ತು ಎಂಬುದರ ಹೇಳಿಕೆ. ವಾರಗಟ್ಟಲೆ ರಾತ್ರಿ ಕೂತು ಬರೆದೆ. ಬಹಳ ಚೊಕ್ಕಾಗಿ ಬರೆದಿದ್ದೇನೆಂದು ಬೀಗಿದೆ ಕೂಡ. ಅದರಲ್ಲಿ ಒಂದು ದೊಡ್ಡ ತಪ್ಪಿತ್ತು. ಅದು ಗೊತ್ತಾದದ್ದು ಸ್ಪರ್ಧೆಯ ದಿನವೇ.

ಸರಕಾರಿ ವಕೀಲನನ್ನು ಚೀಟಿ ಎತ್ತಿ ಆರಿಸಿದೆ. ಬಂದದ್ದು ಮೂರನೆಯ ಬೆಂಚಿನ, ಹೆಚ್ಚು ಮಾತಿಲ್ಲದ ಹುಡುಗನ ಹೆಸರು. ಅವನು ಏನೂ ಅನ್ನಲಿಲ್ಲ. ಮರುದಿನ ಅವನ ಅಪ್ಪ ಬಂದರು. ತಲೆಗೆ ಸುತ್ತಿದ್ದ ಟಾವೆಲು ತೆಗೆದು ಕೈಯಲ್ಲಿ ಹಿಡಿದು ನಿಂತರು.

“ನಮ್ಮ ಹುಡುಗನ್ನ ಇಂಗ್ರೇಜರ ವಕೀಲನ್ನ ಮಾಡೀರಂತ ಹೌದೇನ್ರಿ ಸರ?”

“ಆಟದಾಗರಿ. ಮಧ್ಯಾಹ್ನದ ಮ್ಯಾಲ ಅವರ ತಂಡಾನ ರಾಯಣ್ಣನ ಕಡೆ ಆಗ್ತದ.”

“ಆಟದಾಗರ ಯಾಕ್ರಿ? ನಮ್ಮವ್ವ ಪ್ರತಿ ವರ್ಷ ಆ ಮರಕ್ಕ ಕಾಯಿ ಒಡಿತಾಳ. ಆಕೀಗೆ ಏನಂತ ಹೇಳ್ಲಿ? ಊರಾಗ ಮಂದಿ ಏನಂದಾರು?”

ನಾನು ಪುಸ್ತಕದ ಮಾತು ಹೇಳಿದೆ. ಎರಡೂ ಕಡೆ ಕೇಳದೆ ನ್ಯಾಯ ಆಗೂದಿಲ್ಲ, ವಕೀಲ ಯಾರ ಪರ ಮಾತಾಡಿದರೂ ಅದು ಅವನ ಸ್ವಂತ ಮಾತಲ್ಲ, ಇತ್ಯಾದಿ. ಅವರು ತಲೆ ಹಾಕಿದರು, ಒಪ್ಪಿದಂತೆ ಕಾಣಲಿಲ್ಲ. “ನೀವ ಹೇಳ್ತೀರಂದ್ರ ಆತ್ರಿ” ಎಂದು ಹೋದರು. ಮೇಷ್ಟ್ರು ಎಂಬ ಮರ್ಯಾದೆಗೆ ಸಿಕ್ಕ ಒಪ್ಪಿಗೆ ಅದು.

ನನ್ನ ನಿಜವಾದ ಕಾರಣವನ್ನು ನಾನು ಅವರಿಗೆ ಹೇಳಿರಲಿಲ್ಲ. ಇಲ್ಲಿ ಹೇಳಿಬಿಡುತ್ತೇನೆ.

ಅದಕ್ಕೂ ಬಹಳ ವರ್ಷ ಹಿಂದೆ, ನಾನು ನೌಕರಿಗೆ ಸೇರಿದ ಹೊಸತರಲ್ಲಿ, ಬೇರೊಂದು ಶಾಲೆಯಲ್ಲಿ ನನ್ನ ಮೇಜಿನ ಖಣದಲ್ಲಿಟ್ಟಿದ್ದ ಪ್ರವಾಸದ ವಂತಿಗೆಯ ಹಣ ಕಾಣೆಯಾಯಿತು. ಮೂವರು ಹುಡುಗರು ಬಂದು ಒಬ್ಬನ ಹೆಸರು ಹೇಳಿದರು. ಬಿಡುವಿನ ಹೊತ್ತಿನಲ್ಲಿ ಅವನೊಬ್ಬನೇ ವರ್ಗದಲ್ಲಿದ್ದನಂತೆ. ಅವನು ಬಡವರ ಮನೆಯವ, ಪ್ರವಾಸಕ್ಕೆ ಹಣ ಕಟ್ಟಿರಲಿಲ್ಲ. ನನಗೆ ಅಷ್ಟೇ ಸಾಕಾಯಿತು. ಮರುದಿನ ಪ್ರಾರ್ಥನೆಯ ಸಾಲಿನಲ್ಲಿ ಅವನನ್ನು ಮುಂದೆ ಕರೆದು ನಿಲ್ಲಿಸಿದೆ. ಎಲ್ಲರ ಎದುರು ನೀತಿಪಾಠ ಹೇಳಿದೆ, ಬೆತ್ತ ತೆಗೆದುಕೊಂಡೆ. ಅವನ ಅಪ್ಪನನ್ನು ಕರೆಸಿದೆ. ಅವರು ಯಾರ ಬಳಿಯೋ ಸಾಲ ಮಾಡಿ ಹಣ ತಂದುಕೊಟ್ಟರು. ಹುಡುಗ ಅದರ ಮರುದಿನ ಬರಲಿಲ್ಲ. ಮತ್ತೆ ಬರಲೇ ಇಲ್ಲ. ಸೋದರಮಾವನ ಜತೆ ಗೋವಾಕ್ಕೆ ಹೋಟೆಲು ಕೆಲಸಕ್ಕೆ ಹೋದ ಎಂದು ಸುದ್ದಿ ಬಂತು. ವರ್ಷ ಮುಗಿಯುವವರೆಗೆ ದಿನಾಲೂ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಗೈ’ ಎಂದು ಬರೆಯುತ್ತಿದ್ದೆ.

ಹಣ ಅವನೇ ತೆಗೆದಿದ್ದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ತೆಗೆದಿರಲೂಬಹುದು. ನನ್ನನ್ನು ಕಾಡುವುದು ಅದಲ್ಲ. ಆ ಎರಡು ದಿನಗಳಲ್ಲಿ ನಾನು ಅವನ ಬಗ್ಗೆ ಹತ್ತು ಜನರ ಜತೆ ಮಾತಾಡಿದ್ದೆ. ಅವನನ್ನೊಂದು ಮಾತು ಕೇಳಿರಲಿಲ್ಲ. ‘ಯಾಕೋ ತೆಗೆದೆ?’ ಎಂದು ಕೇಳಿದ್ದೆ. ‘ತೆಗೆದೆಯಾ?’ ಎಂದಲ್ಲ.

ಸ್ಪರ್ಧೆಯ ದಿನ ಶಾಲೆಯ ಸಭಾಗೃಹದಲ್ಲಿ ಬೆಂಚು ಸರಿಸಿ ಕಟಕಟೆ ಮಾಡಿದ್ದೆವು. ಖಾನಾಪುರದ ಒಬ್ಬ ಹಿರಿಯ ವಕೀಲರು ನ್ಯಾಯಾಧೀಶರಾಗಲು ಒಪ್ಪಿ ಬಂದಿದ್ದರು. ಪಾಲಕರೂ ಸಾಕಷ್ಟು ಬಂದಿದ್ದರು. ಟಾವೆಲಿನ ಆ ಅಪ್ಪ ಹಿಂದಿನ ಬಾಗಿಲ ಬಳಿ ನಿಂತಿದ್ದರು.

ಮೊದಲ ಸುತ್ತಿನಲ್ಲಿ ರಾಯಣ್ಣನ ವಕೀಲ ಭಾಷಣ ಹೊಡೆದ. ಸ್ವಾತಂತ್ರ್ಯ, ಕೆಚ್ಚು, ಕನ್ನಡದ ಕಲಿ. ಸಭೆ ಚಪ್ಪಾಳೆ ತಟ್ಟಿತು. ವಕೀಲರು ಕನ್ನಡಕ ಮೇಲೆತ್ತಿ, “ಭಾಷಣ ಛಲೋ ಆತಪ್ಪ. ಇದರಾಗ ಸಾಕ್ಷಿ ಎಲ್ಲೈತಿ?” ಎಂದರು. ಹುಡುಗ ಪೆಚ್ಚಾದ. ಆ ಮೇಲೆ ನಮ್ಮ ಮೂರನೆಯ ಬೆಂಚಿನ ಸರಕಾರಿ ವಕೀಲ ಎದ್ದ. ಅವನು ಇಂಗ್ರೇಜರನ್ನು ಹೊಗಳಲಿಲ್ಲ, ರಾಯಣ್ಣನನ್ನು ಬೈಯಲೂ ಇಲ್ಲ. ಬೀಡಿಯ ಕಾರಕೂನನನ್ನು ಕರೆದು, “ನಿಮ್ಮ ಸಂಬಳ ಎಷ್ಟಿತ್ತು? ಮನ್ಯಾಗ ಎಷ್ಟು ಮಂದಿ? ಕಚೇರಿ ಸುಟ್ಟ ಮ್ಯಾಲ ಆ ತಿಂಗಳು ಏನು ಉಂಡ್ರಿ?” ಎಂದು ಒಂದೊಂದೇ ಕೇಳಿದ. ಸಭೆಯಲ್ಲಿ ಗುಸುಗುಸು ನಿಂತಿತು. ಕಚೇರಿ ಎಂದರೆ ಕಂಪನಿ ಎಂದಷ್ಟೇ ತಿಳಿದಿದ್ದೆವು. ಅದರೊಳಗೆ ನಮ್ಮಂಥವನೊಬ್ಬ ಹೊಟ್ಟೆಪಾಡಿಗೆ ಲೇಖಣಿಕೆ ಹಿಡಿದು ಕೂತಿದ್ದಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ರಾಯಣ್ಣ ಅದರಿಂದ ಸಣ್ಣವನಾಗಲಿಲ್ಲ. ಅವನು ಹೂಡಿದ ಕದನ ಎಷ್ಟು ಕಷ್ಟದ್ದು ಎಂಬುದು ಮಾತ್ರ ಮೊದಲ ಸಲ ಕಂಡಿತು.

ಸಂಗೊಳ್ಳಿಯ ಮುದುಕಿಯಾಗಿ ಬಂದ ಹುಡುಗಿಯ ಮನೆಮಾತು ಮರಾಠಿ. ಗಾಬರಿಯಲ್ಲಿ ಅವಳಿಗೆ ಕನ್ನಡವೇ ಮರೆತುಹೋಗಿ ಮರಾಠಿಯಲ್ಲಿ ಶುರುಮಾಡಿದಳು. ನಮ್ಮ ಸೀಮೆಯಲ್ಲಿ ಇದು ದಿನದ ಮಾತು. ಮಕ್ಕಳು ನಗತೊಡಗಿದರು. ವಕೀಲರು ನಗಲಿಲ್ಲ. ಸಾಕ್ಷಿಯ ಮಾತು ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ ಅದನ್ನು ಅವನಿಗೆ ತಿಳಿಯುವ ಭಾಷೆಗೆ ತೆರೆದ ನ್ಯಾಯಾಲಯದಲ್ಲೇ ಹೇಳಬೇಕೆಂಬ ಕಾನೂನಿದೆ ಎಂದು ಹೇಳಿ, ಎರಡೂ ಮಾತು ಬಲ್ಲ ಇನ್ನೊಬ್ಬಳನ್ನು ಎಬ್ಬಿಸಿ ದುಭಾಷಿಯಾಗಿ ನಿಲ್ಲಿಸಿದರು. ಗಾಬರಿಯಾದವಳು ನಿರುಮ್ಮಳವಾಗಿ ಹೇಳಿ ಮುಗಿಸಿದಳು. ಭಾಷೆಯ ಹೆಸರಲ್ಲಿ ಎಷ್ಟೋ ಗದ್ದಲ ಕಂಡ ಈ ಗಡಿಭಾಗದಲ್ಲಿ ಅಷ್ಟು ಸುಲಭವಾಗಿ ಒಂದು ತೊಡಕು ಬಿಡಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಮಧ್ಯಾಹ್ನ ಪಕ್ಷ ಬದಲಾಯಿತು. ಈಗ ‘ಅ’ ವಿಭಾಗ ರಾಯಣ್ಣನ ಕಡೆ. ಬೆಂಕಿಯ ರಾತ್ರಿ ಗುರುತು ಹಿಡಿದ ಸಾಕ್ಷಿ ಕಟಕಟೆಗೆ ಬಂದ. ಪಾಟೀಸವಾಲಿಗೆ ಎದ್ದದ್ದು ಒಬ್ಬ ಸಣ್ಣಗಾತ್ರದ ಹುಡುಗಿ. ಮೂರೇ ಪ್ರಶ್ನೆ ಕೇಳಿದಳು.

“ನೀವು ನಿಂತದ್ದು ಎಲ್ಲಿ?” — ಹಳ್ಳದ ಆಚೆ ದಂಡೆಯಲ್ಲಿ.

“ಆ ರಾತ್ರಿ ಬೆಳದಿಂಗಳು ಇತ್ತೋ, ಅಮಾಸಿ ಇತ್ತೋ?” — ಅಮಾವಾಸ್ಯೆಯ ಹಿಂದುಮುಂದು.

“ಹೆಸರು ಹೇಳಿದ ಮ್ಯಾಲ ನಿಮಗ ಏನು ಸಿಕ್ತು?” — ಎರಡು ಎಕರೆ ಇನಾಮು.

“ಇಷ್ಟ್ರಿ” ಎಂದು ಕೂತುಬಿಟ್ಟಳು. ವಕೀಲರು ಆಮೇಲೆ ನನಗೆ ಹೇಳಿದರು: ನಾಲ್ಕನೆಯ ಪ್ರಶ್ನೆ ಕೇಳದೆ ಕೂಡ್ರುವುದನ್ನು ಕಲಿಯಲು ತಮಗೆ ಹತ್ತು ವರ್ಷ ಹಿಡಿದಿತ್ತು. ಆ ಸಾಕ್ಷಿಯ ಹುಳುಕು ಅವಳಿಗೆ ತಿಳಿದದ್ದು ಹೇಗೆ? ಬೆಳಿಗ್ಗೆ ಸರಕಾರದ ಪರವಿದ್ದಾಗ ಅದೇ ಸಾಕ್ಷಿಯನ್ನು ತಯಾರು ಮಾಡಿದ್ದವಳು ಅವಳೇ. ಎದುರಿನ ಮನೆಯಲ್ಲಿ ಒಂದು ಹೊತ್ತು ಇದ್ದು ಬಂದವರಿಗೇ ಅಲ್ಲಿ ಸೋರುವುದೆಲ್ಲಿ ಎಂದು ಗೊತ್ತಾಗುವುದು.

ನಾನು ಮಾತ್ರ ಬೇರೇನೋ ಯೋಚಿಸುತ್ತಿದ್ದೆ. ನೀವು ಎಲ್ಲಿದ್ದಿರಿ, ಏನು ಕಾಣಿಸುತ್ತಿತ್ತು, ಹೇಳಿದ್ದರಿಂದ ನಿಮಗೇನು ಸಿಕ್ಕಿತು? ಬಿಡುವಿನ ಹೊತ್ತಿನಲ್ಲಿ ಆಟದ ಬಯಲಲ್ಲಿ ಇರಬೇಕಾಗಿದ್ದ ಆ ಮೂವರು ಹುಡುಗರು ವರ್ಗದ ಒಳಗನ್ನು ಕಂಡದ್ದು ಹೇಗೆ ಎಂದು ನಾನು ಅಂದು ಕೇಳಿರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಒಂದು ವಾರದ ತಯಾರಿಯಲ್ಲಿ ಹೊಳೆದ ಪ್ರಶ್ನೆಗಳು ಬಿ.ಎಡ್. ಮುಗಿಸಿ ಬಂದಿದ್ದ ಮೇಷ್ಟ್ರಿಗೆ ಹೊಳೆದಿರಲಿಲ್ಲ.

ಸಾಕ್ಷಿಗಳೆಲ್ಲ ಮುಗಿದವು. ನನ್ನ ಕಾರ್ಯಕ್ರಮ ಪಟ್ಟಿಯ ಪ್ರಕಾರ ಇನ್ನು ಅಂತಿಮ ವಾದ. ಆದರೆ ವಕೀಲರು ಕೈ ಅಡ್ಡ ಹಿಡಿದು, ಕಟಕಟೆಯಲ್ಲಿ ಎರಡು ತಾಸಿನಿಂದ ಸುಮ್ಮನೆ ನಿಂತಿದ್ದ ರಾಯಣ್ಣನ ಕಡೆ ತಿರುಗಿದರು. “ಇಷ್ಟು ಮಂದಿ ನಿನ್ನ ಮ್ಯಾಲ ಇಷ್ಟೆಲ್ಲಾ ಹೇಳ್ಯಾರ. ನೀನು ಏನು ಹೇಳ್ತೀಯಪ್ಪ?”

ಹುಡುಗ ನನ್ನ ಕಡೆ ನೋಡಿದ. ನಾನು ಕಡತದ ಕಡೆ ನೋಡಿದೆ. ಕಾರಕೂನನಿಗೆ ಒಂದು ಹಾಳೆ, ಮುದುಕಿಗೆ ಒಂದು ಹಾಳೆ, ಬಾಗಿಲಲ್ಲಿ ಕೂಗುವ ಜವಾನನಿಗೂ ಎರಡು ಸಾಲು ಬರೆದಿದ್ದ ನಾನು ಆರೋಪಿಗೆ ಒಂದಕ್ಷರ ಬರೆದಿರಲಿಲ್ಲ. ‘ಕಟಕಟೆಯಲ್ಲಿ ಎದೆ ಸೆಟೆಸಿ ನಿಲ್ಲಬೇಕು’ ಎಂದಷ್ಟೇ ಅವನಿಗೆ ಹೇಳಿದ್ದೆ.

“ನನಗ ಕೇಳ್ತಾರಂತ ಯಾರೂ ಹೇಳಿಲ್ರಿ” ಎಂದ ಹುಡುಗ.

ಸಭೆ ಗೊಳ್ಳೆಂದು ನಕ್ಕಿತು. ನನ್ನ ಬಾಯಿ ಒಣಗಿತ್ತು. ಇಷ್ಟು ವರ್ಷಗಳ ನಂತರ, ಯಾವ ತಪ್ಪನ್ನು ಒರೆಸಿಕೊಳ್ಳಲೆಂದು ಈ ಆಟ ಹೂಡಿದ್ದೆನೋ ಅದೇ ತಪ್ಪನ್ನು ಮತ್ತೊಮ್ಮೆ, ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದೆ.

ವಕೀಲರು ಸಭೆಯನ್ನು ಸುಮ್ಮನಾಗಿಸಿದರು. “ಈಗ ಕೇಳಾಕತ್ತೇನಲ್ಲ, ಹೇಳು. ಹೇಳಲಿಕ್ಕ ಮನಸ್ಸಿಲ್ಲಂದ್ರ ಬ್ಯಾಡ, ಜುಲುಮಿ ಇಲ್ಲ. ಕಾನೂನಿನ್ಯಾಗ ಇದು ನಿನ್ನ ಹಕ್ಕು.” ಹುಡುಗ ಸ್ವಲ್ಪ ಹೊತ್ತು ಕಟಕಟೆಯ ಬೆಂಚನ್ನು ಉಗುರಿನಿಂದ ಕೆರೆದ. ಆಮೇಲೆ ಸರಕಾರಿ ವಕೀಲನ ಕಡೆ ತಿರುಗಿ ಕೇಳಿದ: “ನನ್ನ ಹೊಲಕ್ಕ ಕೈ ಹಾಕಿದ್ರಿ. ಅದರ ಫಿರ್ಯಾದಿ ನಾನು ಯಾವ ಕೋರ್ಟಿನ್ಯಾಗ ಕೊಡಬೇಕಿತ್ತು ಹೇಳ್ರಿ?”

‘ಬ’ ವಿಭಾಗದ ಸರಕಾರಿ ವಕೀಲ ಕಡತ ಮಗುಚಿದ. ಅದರಲ್ಲಿ ಉತ್ತರ ಇರಲಿಲ್ಲ. ಇತಿಹಾಸದಲ್ಲೂ ಇರಲಿಲ್ಲ. ಹೊಲಕ್ಕೆ ಕರ ಹೇರಿದ್ದು, ದಂಡು ಕಳಿಸಿದ್ದು, ಕೊನೆಗೆ ನ್ಯಾಯ ಹೇಳಿದ್ದು ಎಲ್ಲ ಒಂದೇ ಕಂಪನಿ. ಫಿರ್ಯಾದಿಯೂ ಅವನೇ, ನ್ಯಾಯಾಧೀಶನೂ ಅವನೇ.

ತೀರ್ಪು ಹೇಳುವಾಗ ವಕೀಲರು ಹೆಚ್ಚು ಮಾತಾಡಲಿಲ್ಲ. ಕಚೇರಿಗೆ ಬೆಂಕಿ ಬಿದ್ದದ್ದು ನಿಜ. ಇಟ್ಟವರು ಇವರೇ ಎಂದು ಗುರುತಿಸಿದ ಸಾಕ್ಷಿ ಗಟ್ಟಿಯಿಲ್ಲ. ರುಜುವಾತಿನ ಹೊಣೆ ಸರಕಾರದ್ದು, ಸಂಶಯದ ಲಾಭ ಆರೋಪಿಯದು. ಬಿಡುಗಡೆ. ಸಭೆ ಮತ್ತೆ ಚಪ್ಪಾಳೆ ಹೊಡೆಯಿತು. ಉತ್ತಮ ವಕೀಲನ ಬಹುಮಾನ ಮಾತ್ರ ಬೆಳಗಿನ ಸರಕಾರಿ ವಕೀಲನಿಗೆ ಬಂತು. ಆಗಲೂ ಚಪ್ಪಾಳೆ ನಿಲ್ಲಲಿಲ್ಲ. ಅದನ್ನು ಗಮನಿಸಿದ ನನಗೆ ಅರ್ಧ ನೆಮ್ಮದಿಯಾಯಿತು.

ಚಹಾ ಕುಡಿಯುವಾಗ ಅವರು ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಒಂದು ಮಾತು ಹೇಳಿದರು. ರಾಯಣ್ಣನನ್ನು ಗಲ್ಲಿಗೆ ಹಾಕಿದ ತಾರೀಖು ಜನವರಿ 26. ನೂರಾ ಹತ್ತೊಂಬತ್ತು ವರ್ಷಗಳ ಮೇಲೆ, 1950ರಲ್ಲಿ, ಅದೇ ತಾರೀಖಿಗೆ ನಮ್ಮ ಸಂವಿಧಾನ ಜಾರಿಗೆ ಬಂತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸಬಾರದು ಎಂದಿತು ಅದರ 20ನೆಯ ವಿಧಿ. ಹಿಡಿದವರು ಯಾಕೆ ಹಿಡಿದೆವೆಂದು ಹೇಳಬೇಕು, ಅವನು ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು ಎಂದಿತು 22ನೆಯ ವಿಧಿ. ಹಣವಿಲ್ಲದವನಿಗೆ ಉಚಿತ ಕಾನೂನು ನೆರವು ಕೊಡಬೇಕೆಂಬ 39ಎ ವಿಧಿ 1976ರ ತಿದ್ದುಪಡಿಯಲ್ಲಿ ಸೇರಿತು. ತಾರೀಖು ಕೂಡಿ ಬಂದದ್ದು ಕಾಕತಾಳೀಯ. ಆದರೆ ನೆನಪಿಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯ ಗುರುತು ನಂದಗಡದ ಮಕ್ಕಳಿಗೆ ಬೇರೆ ಬೇಕೆ?

“ಹಂಗಾರ ಕೊಲಿ ಮಾಡಿದವಗೂ ವಕೀಲರನ್ನ ಕೊಡಬೇಕೇನ್ರಿ?” ಎಂದು ಒಬ್ಬ ಕೇಳಿದ. 2008ರ ನವೆಂಬರಿನಲ್ಲಿ ಮುಂಬಯಿಯಲ್ಲಿ ಸೆರೆ ಸಿಕ್ಕ ಕಸಬ್‌ಗೂ ವಕೀಲರನ್ನು ಕೊಟ್ಟೇ ವಿಚಾರಣೆ ನಡೆಯಿತು ಎಂದರು ಅವರು. 2012ರ ಆಗಸ್ಟಿನಲ್ಲಿ ಅವನ ಗಲ್ಲು ಶಿಕ್ಷೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು, ಅದೇ ತೀರ್ಪಿನಲ್ಲಿ, ಆರೋಪಿಯನ್ನು ಮೊದಲ ಸಲ ಮುಂದೆ ತಂದಾಗಲೇ ವಕೀಲರನ್ನು ಪಡೆಯುವ ಹಕ್ಕಿದೆಯೆಂದು ಮ್ಯಾಜಿಸ್ಟ್ರೇಟರು ಅವನಿಗೆ ತಿಳಿಸಬೇಕು ಎಂದಿತು. “ಅವಗ ಬೇಕಂತಲ್ಲ, ನಮಗ ಬೇಕಂತ” ಎಂದು ಮಾತು ಮುಗಿಸಿದರು. ಮಕ್ಕಳಿಗೆ ಎಷ್ಟು ತಿಳಿಯಿತೋ, ನನಗಂತೂ ತಿಳಿಯಿತು.

ಇದನ್ನೆಲ್ಲ ಬರೆದದ್ದು ಪಾಲಕರು ಓದಲಿ ಎಂದು. ನಿಮ್ಮ ಮಕ್ಕಳ ಶಾಲೆಯಲ್ಲಿ ಇಂಥದೊಂದು ಆಟ ಇಟ್ಟುಕೊಳ್ಳಿರೆಂದು ಮುಖ್ಯಾಧ್ಯಾಪಕರನ್ನು ಕೇಳಿರಿ. ಖರ್ಚೇನಿಲ್ಲ, ಕರಿ ಕೋಟು ಬೇಕಾಗಿಲ್ಲ. ತಾಲೂಕಿನ ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ, ಅಲ್ಲಿ ಕೇಳಿದರೆ ಬಂದು ತಿಳಿಸಿ ಹೇಳುವ ವಕೀಲರು ಸಿಕ್ಕಾರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ ಎಂಬುದನ್ನೂ ಮಕ್ಕಳು ಆ ನೆಪದಲ್ಲಿ ಕಲಿಯುತ್ತಾರೆ. 15100 ಎಂಬ ದೂರವಾಣಿ ಸಂಖ್ಯೆಯನ್ನು ಒಬ್ಬಳು ಮನೆಯ ಗೋಡೆಗೆ ಬರೆದು ಹಚ್ಚಿದ್ದನ್ನು ನಾನು ನೋಡಿದ್ದೇನೆ.

ಎರಡು ಎಚ್ಚರಿಕೆ ಮಾತ್ರ ಬೇಕು. ಊರಿನವರದೇ ಜಗಳವನ್ನು ಆಟಕ್ಕೆ ತೆಗೆದುಕೊಳ್ಳಬೇಡಿರಿ. ಸಭೆಯಲ್ಲಿ ಕೂತವರ ಮನಸ್ಸು ನೊಂದೀತು. ಎರಡನೆಯದು, ಪಕ್ಷ ಬದಲಾಯಿಸುವ ನಿಯಮ ಕೈಬಿಡಬೇಡಿರಿ. ಅದಿಲ್ಲದಿದ್ದರೆ ಇದೂ ಇನ್ನೊಂದು ಚರ್ಚಾಸ್ಪರ್ಧೆಯಾಗಿ, ಮಕ್ಕಳು ಬಾಯಿ ಜೋರು ಮಾಡುವುದನ್ನಷ್ಟೇ ಕಲಿಯುತ್ತಾರೆ. ಮಗ ವಕೀಲನಾಗಲಿ ಎಂದು ಇದನ್ನು ಮಾಡಿಸಬೇಕಾಗಿಲ್ಲ. ನಾಳೆ ಅವನು ಅಪ್ಪನಾಗುತ್ತಾನೆ, ಮೇಷ್ಟ್ರಾಗುತ್ತಾನೆ, ಊರ ಪಂಚರಲ್ಲಿ ಕೂಡ್ರುತ್ತಾನೆ. ಯಾರದೋ ಮೇಲೆ ಯಾರೋ ಹೇಳಿದ ಮಾತು ದಿನಾಲೂ ಅವನ ಮುಂದೆ ಬರುತ್ತದೆ.

ಟಾವೆಲಿನ ಅಪ್ಪ ಸ್ವಲ್ಪ ದಿನ ಬಿಟ್ಟು ನಂದಗಡದ ಸಂತೆಯಲ್ಲಿ ಸಿಕ್ಕಿದ್ದರು. “ಮನ್ಯಾಗ ಅವರವ್ವ ಮಗಳ ಮ್ಯಾಲ ರೇಗಾಡಾಕತ್ತಿದ್ಲ್ರಿ. ನಮ್ಮ ಹುಡುಗ ನಡುವ ಬಂದು, ಯವ್ವಾ, ಆಕಿ ಏನಂತಾಳ ಕೇಳಿದೇನು ಅಂದ. ಎಲ್ಲಾರೂ ಸುಮ್ಮನಾದ್ವಿ” ಎಂದರು. ಬೈಯುತ್ತಿದ್ದಾರೋ ಹೊಗಳುತ್ತಿದ್ದಾರೋ ಮೊದಲು ತಿಳಿಯಲಿಲ್ಲ. ಆಮೇಲೆ ಒಂದು ಹಿಡಿ ಹಸಿಮೆಣಸಿನಕಾಯಿ ನನ್ನ ಚೀಲಕ್ಕೆ ಹಾಕಿ, ರೊಕ್ಕ ತೆಗೆದುಕೊಳ್ಳದೆ ಹೋದರು.

ಆ ಕಡತ ಈಗಲೂ ನನ್ನ ಬಳಿ ಇದೆ. ಮರುವರ್ಷದ ಸ್ಪರ್ಧೆಗೆ ಅದನ್ನು ತಿದ್ದಿದಾಗ ಒಂದು ಹಾಳೆ ಸೇರಿಸಿದೆ. ಮೇಲೆ ‘ಆರೋಪಿಯ ಹೇಳಿಕೆ’ ಎಂದು ಬರೆದು ಕೆಳಗೆ ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬಬೇಕಾದವನು ನಾನಲ್ಲ. ಗೋವಾಕ್ಕೆ ಹೋದ ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನದೂ ಒಂದು ಹಾಳೆ ಹೀಗೆಯೇ ನನ್ನ ಹತ್ತಿರ ಖಾಲಿ ಉಳಿದಿದೆ.